ಫೋಕಸ್ ತಪ್ಪಿದ ಇಪ್ಪತ್ತಾರು ಚಿತ್ರಗಳು

"ಗದ್ದ ಸ್ವಲ್ಪ ಮೇಲೆ... ಹಾಂ, ನೇರ ನೋಡಿ."

ಪಾಸ್‌ಪೋರ್ಟ್ ಫೋಟೋ ತೆಗೆಯುವ ಇಕ್ಕಟ್ಟಿನ ಕೋಣೆ. ಸ್ಟೂಲಿನ ಮೇಲೆ ಕೂತವಳು ನೇರ ನೋಡಿದಳು. ಕ್ಯಾಮೆರಾ ಹಿಂದಿನ ಮುಖ ಬಿಳಿಚಿಕೊಂಡಿತು.

"ಕತ್ತರಿ ಮೇಡಂ... ನೀವಾ?"

ಆ ಅಡ್ಡಹೆಸರು ಕೇಳಿ ಎರಡು ವರ್ಷವಾಗಿತ್ತು! ಆಗ ಒಂದು ದೊಡ್ಡ ಸ್ಟುಡಿಯೋದಲ್ಲಿ ಅವನು ತೆಗೆದ ಚಿತ್ರಗಳನ್ನು ಆರಿಸುವ ಕೆಲಸ ಅವಳದು. ಚೂರು ಮಸುಕು ಕಂಡರೂ ಕತ್ತರಿ. ಅವನೋ, ತನ್ನ ತಾತನ ಹಳೇ ಲೆನ್ಸನ್ನು ಹೊಸ ಮಿರರ್‌ಲೆಸ್ ಕ್ಯಾಮೆರಾಕ್ಕೆ ಸಿಕ್ಕಿಸಿಕೊಂಡು, ಅದರ ಫೋಕಸ್ ಉಂಗುರವನ್ನು ಕೈಯಲ್ಲೇ ತಿರುಗಿಸುತ್ತಾ ಓಡಾಡುತ್ತಿದ್ದ ಹುಚ್ಚ.

"ಲೆನ್ಸಿಗೂ ನಿಮಗೂ ಒಟ್ಟಿಗೇ ಕನ್ನಡಕ ಮಾಡಿಸ್ಬೇಕು ಕಣ್ರೀ!"

ಅವಳು ಹೀಗೆ ರೇಗಿಸಿದಾಗ ಅವನು ನಗುತ್ತಿದ್ದ. ಆ ನಗು ತನ್ನದೇ ಎಂದು ಅವಳು ನಂಬಿದ್ದಳು... ಜಾಹೀರಾತಿಗೆಂದು ಮಾಲೀಕರ ಮಗಳ ಚಿತ್ರಗಳು ಬರತೊಡಗುವವರೆಗೆ.

ದಿನವೂ ಆ ಹುಡುಗಿಯದೇ ಚಿತ್ರ! 'ರಾಜಕುಮಾರಿ ಎದುರಿಗೆ ನಿಂತಿರುವಾಗ ದಾಸಿಯತ್ತ ಯಾರು ನೋಡುತ್ತಾರೆ?'

ಆ ಕಂತೆಯ ಇಪ್ಪತ್ತಾರು ಚಿತ್ರಗಳಲ್ಲಿ ರಾಜಕುಮಾರಿಯ ಮುಖವೇ ಮಸುಕು. ಹೊಟ್ಟೆಕಿಚ್ಚಿಗೆ ಅಷ್ಟೇ ಸಾಕಾಯಿತು. "ಫೋಕಸ್ ತಪ್ಪಿದೆ ಸಾರ್. ಇವರ ಗಮನ ಕೆಲಸದ ಮೇಲಿಲ್ಲ," ಎಂದು ಎಲ್ಲರೆದುರು ತಿರಸ್ಕರಿಸಿದಳು.

ಅವನು ಲೆನ್ಸನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು, ಕೆಲಸ ಬಿಟ್ಟು ಹೊರಟುಹೋಗಿದ್ದ.

"ಯಾಕೆ ಬಂದ್ರಿ?" ಈಗ ಕೇಳಿದ.

ಅವಳು ಚೀಲದಿಂದ ಅದೇ ಲೆನ್ಸ್ ತೆಗೆದಳು. "ಹಳೇ ಸಾಮಾನಿನ ಅಂಗಡೀಲಿ ಸಿಕ್ತು. ಉಂಗುರದ ಮೇಲಿನ ಗೀರು ನೋಡಿ ಗುರುತು ಹಿಡಿದೆ. ಅಂಗಡಿಯವರೇ ನಿಮ್ಮ ವಿಳಾಸ ಕೊಟ್ರು. ತಾತಂದು ಅಲ್ವಾ... ಮಾರಿಬಿಟ್ರಾ?"

"ಇಲ್ಲಿಗೆ ಅದ್ಯಾಕೆ? ಇಲ್ಲಿ ಕ್ಯಾಮೆರಾನೇ ಮುಖ ಹುಡುಕ್ಕೊಳ್ಳುತ್ತೆ."

"ಇದು ಹುಡುಕಲ್ಲ. ಕ್ಯಾಮೆರಾಕ್ಕೆ ಹಾಕಿ ನೋಡ್ದೆ. ಕೈ ಎಲ್ಲಿಗೆ ತಿರುಗಿಸುತ್ತೋ ಅಲ್ಲಷ್ಟೇ ಸ್ಪಷ್ಟ. ಒಂದ್ಸಲ ತಪ್ಪಬಹುದು, ಎರಡ್ಸಲ ತಪ್ಪಬಹುದು... ಇಪ್ಪತ್ತಾರು ಸಲ ಒಂದೇ ಕಡೆ ಹೇಗೆ ತಪ್ಪುತ್ತೆ?"

ಅವನು ಅವಳ ಕೈಯಿಂದ ಲೆನ್ಸನ್ನು ತೆಗೆದುಕೊಂಡ.

"ನಿನ್ನೆ ಆ ಚಿತ್ರಗಳನ್ನ ಮತ್ತೆ ತೆರೆದು ನೋಡ್ದೆ. ಹಿಂದೆ, ಗಾಜಿನ ಬಾಗಿಲ ಆಚೆ, ನಾನು! ಕೂದಲಲ್ಲಿ ಪೆನ್ಸಿಲ್ ಸಿಕ್ಕಿಸ್ಕೊಂಡು, ಆಕಳಿಸ್ತಾ... ಒಂದೊಂದು ಎಳೆನೂ ಸ್ಪಷ್ಟ. ಮಸುಕು ಹುಡುಕೋದೇ ನನ್ನ ಕೆಲಸ ಆಗಿತ್ತು ರೀ. ಬೇರೇನೂ ನೋಡ್ಲೇ ಇಲ್ಲ... ನೀವಾದ್ರೂ ಯಾಕೆ ಹೇಳ್ಲಿಲ್ಲ?"

"ನೀವು ನೋಡಿದ್ದೀರಿ ಅಂದ್ಕೊಂಡೆ." ಅವನ ದನಿ ಸಣ್ಣದಾಯಿತು. "ನೋಡಿಯೇ... ಬೇಡ ಅಂದಿರಿ ಅಂತ."

ಅಯ್ಯೋ! ಎರಡು ವರ್ಷ! ಯಾವ ಕಂಪ್ಯೂಟರಿನ ಮುಂದೆ ಕೂತು ಅದನ್ನು ತಿದ್ದುವುದು?

ಅವನು ಮೆಲ್ಲಗೆ ಆ ಲೆನ್ಸನ್ನು ಕ್ಯಾಮೆರಾಕ್ಕೆ ಹಾಕಿದ. ಅಭ್ಯಾಸ ತಪ್ಪಿದ ಬೆರಳು ತಡವರಿಸಿತು.

"ಅಲ್ಲಾಡಬೇಡಿ."

"ಅಳು ಬರ್ತಿದೆ..."

"ಬರಲಿ. ನಿಧಾನಕ್ಕೆ ತಿರುಗಿಸ್ತೀನಿ."

ಪರದೆಯಲ್ಲಿ, ಫೋಕಸ್ ಸಿಕ್ಕಿದ್ದಕ್ಕೆ ಗುರುತಾಗಿ, ಅವಳ ರೆಪ್ಪೆಯ ಮೇಲೆ ಕೆಂಪು ಗೆರೆ ಮೂಡಿತು. ಅಷ್ಟರಲ್ಲಿ ಅವಳು ಬಿಕ್ಕಿದಳು. ಕ್ಲಿಕ್!

"ಛೆ, ಮಸುಕಾಯ್ತು. ಕತ್ತರಿ ಹಾಕ್ತೀರಾ, ಮೇಡಂ?"

ಅವಳು ಕ್ಯಾಮೆರಾದ ಜೊತೆಗೆ ಅವನ ಕೈಯನ್ನೂ ಹಿಡಿದುಕೊಂಡಳು.

"ಇಲ್ಲ... ಇಪ್ಪತ್ತೇಳನೇದು ಇದು. ನಾನೇ ಇಟ್ಕೋತೀನಿ."