ಗುಡಿಸಲು ದಾಟಿದ ಗಡಿಕಲ್ಲು

ರಾಮದುರ್ಗ ಸಂಸ್ಥಾನದ ಪ್ರಜೆಯಾಗಲು ಶಟ್ಟೆಪ್ಪ ತೆತ್ತದ್ದು ರೂಪಾಯಿಯಲ್ಲಲ್ಲ. ಒಬ್ಬಳೇ ತಂಗಿಯ ಮದುವೆಗೆ ಹೋಗಲಿಲ್ಲ. ಬೈಲಹೊಂಗಲದಲ್ಲಿ ಅಪ್ಪ ತೀರಿಕೊಂಡಾಗ ಮಣ್ಣಿಗೆ ಹೋಗಲಿಲ್ಲ. ಗಡಿಕಲ್ಲಿನವರೆಗೆ ಓಡಿ, ಅಲ್ಲೇ ಕುಳಿತು ಅತ್ತು, ಮರಳಿ ಬಂದ. ಹೆಂಡತಿ ಬಾಯವ್ವ ಐದು ವರ್ಷದಿಂದ ಸವದತ್ತಿಯ ಎಲ್ಲಮ್ಮನ ಗುಡ್ಡವನ್ನು ದೂರದಿಂದಲೂ ಕಂಡಿರಲಿಲ್ಲ. ಬೈಲಹೊಂಗಲದಲ್ಲೇ ಇದ್ದ ಮುಪ್ಪಿನ ತಾಯಿಯ ಮುಖವನ್ನೂ ಕಂಡಿರಲಿಲ್ಲ.

ಕಾಯಿದೆ ಹಾಗಿತ್ತು. ಹೊರಗಿನಿಂದ ಬಂದವನು ಐದು ವರ್ಷ ಸಂಸ್ಥಾನದ ಗಡಿಯೊಳಗೇ ಬಾಳಬೇಕು. ಒಂದು ರಾತ್ರಿ ಆಚೆ ಮಲಗಿದರೂ ಎಣಿಕೆ ಮತ್ತೆ ಮೊದಲಿನಿಂದ. ಹಗಲು ಹೋಗಿ ಬರಲು ಅಡ್ಡಿಯಿರಲಿಲ್ಲ. ಆದರೆ ಕತ್ತಲಾಗುವ ಮುಂಚೆಯೇ ಮರಳಿದೆ ಎನ್ನಲು ಸಾಕ್ಷಿ ಯಾರು? ಅದಕ್ಕೇ ಗಂಡ ಹೆಂಡತಿ ಆಚೆ ಕಾಲೇ ಇಟ್ಟಿರಲಿಲ್ಲ.

ಕಿತ್ತೂರ ಕಡೆಯ ಅಡವಿಗೆ ಇಂಗ್ರೇಜಿ ಸರಕಾರದ ಬೇಲಿ ಬಿದ್ದು, ಕುರಿ ಮೇಯಲು ಜಾಗವಿಲ್ಲದಾದಾಗ ಇವರು ಇತ್ತ ಬಂದವರು. ಗಡಿಯ ಮಗ್ಗುಲಲ್ಲೇ ಗುಡಿಸಲು ಹಾಕಿಕೊಂಡು ಕಂಬಳಿ ನೇಯುತ್ತಿದ್ದರು. ಈಗ, ೧೯೦೮ರ ಶ್ರಾವಣದಲ್ಲಿ, ಐದು ವರ್ಷ ತುಂಬಿತ್ತು. ಫೌಜದಾರರು ಬಂದು ಗುಡಿಸಲು ಗಡಿಯೊಳಗಿದೆ ಎಂದು ಕಣ್ಣಾರೆ ನೋಡಿ, ಶಟ್ಟೆಪ್ಪನನ್ನು ಪ್ರಜೆಯೆಂದು ಬರೆಸಲು ಕೋಟೆಯ ಕಚೇರಿಗೆ ಕರೆದೊಯ್ಯಬೇಕಾಗಿದ್ದ ದಿನ ಅದು.

ಬೆಳಗಿನ ಜಾವ ಬಾಯವ್ವ ಕೊಡ ಹಿಡಿದು ಬಾಗಿಲು ತೆಗೆದಳು. ಕೊಡ ಕೈಜಾರಿತು.

ಗುಡಿಸಲ ಹಿಂದೆ, ಪಡುವಣಕ್ಕೆ ಇದ್ದ ಗಡಿಕಲ್ಲು ಈಗ ಮುಂದೆ, ಮೂಡಣ ಬಾಗಿಲಿನೆದುರು ನಿಂತಿತ್ತು. ಕಲ್ಲಿಗೆ ಮೂಡಣಕ್ಕಿದ್ದದ್ದು ರಾಮದುರ್ಗ, ಪಡುವಣಕ್ಕಿದ್ದದ್ದು ಇಂಗ್ರೇಜಿ ಸೀಮೆ. ಗುಡಿಸಲು ರಾತ್ರೋರಾತ್ರಿ ಪರದೇಶದಲ್ಲಿತ್ತು!

ಫೌಜದಾರ ಬಸಲಿಂಗಪ್ಪ ಒಬ್ಬ ಸಿಪಾಯಿಯೊಡನೆ ಬಂದಾಗ ಜಿನುಗು ಮಳೆ ನಿಂತು ಮೋಡ ತೆಳ್ಳಗಾಗಿತ್ತು. ಫೌಜದಾರಿಕೆಗೆ ಬರುವ ಮುಂಚೆ ಅವರು ಅಪ್ಪನ ಜೊತೆ ಎತ್ತಿನ ವ್ಯಾಪಾರ ಮಾಡಿದವರು. ಎತ್ತಿಗಿಂತ ಮೊದಲು ಮಾರಲು ಬಂದವನನ್ನು ನೋಡಬೇಕೆಂಬುದು ಅವರಿಗೆ ಅಲ್ಲೇ ಬಂದ ರೂಢಿ.

“ಕಲ್ಲು ಹಿತ್ತಲದಾಗ ಇತ್ರಿ ಸಾಹೇಬ್ರ,” ಶಟ್ಟೆಪ್ಪ ಗುಡಿಸಲ ಹಿಂದಕ್ಕೆ ಕೈ ತೋರಿಸಿದ. “ನಿನ್ನಿ ಸಂಜಿ ದೊಡ್ಡ ಮಳಿ ಬಂತಲ್ರಿ, ಅದು ನಿಂತ ಮ್ಯಾಲೂ ಅಲ್ಲೇ ಇತ್ತು. ಕುರಿ ಕಟ್ಟುವಾಗ ಕಂಡೇನಿ.”

“ಆಮ್ಯಾಲ?”

“ಆಮ್ಯಾಲ ಬಾಗಲಾ ಹಾಕ್ಕೊಂಡು ಮಲಗಿದ್ವಿ. ಇವತ್ತಿನ ಸಂತೋಷಕ್ಕ ನಿದ್ದಿ ಹತ್ತೂದ ತಡಾ ಆತು. ಹತ್ತಿದ ಮ್ಯಾಲ ಏನೂ ಗೊತ್ತಿಲ್ರಿ.”

ಹಿತ್ತಲಲ್ಲಿ ಕಲ್ಲು ನಿಂತಿದ್ದ ಹಳೆಯ ಗುಂಡಿ ಇತ್ತು. ಯಾರೋ ಮಣ್ಣು ತುಂಬಿ ಮೇಲೆ ಸಗಣಿ ಸುರಿದಿದ್ದರು. ಬಸಲಿಂಗಪ್ಪ ಕೋಲಿನಿಂದ ಕೆದಕುತ್ತಿದ್ದಾಗ ಬೇಲಿಯಾಚೆ ಕೆಮ್ಮಿದ ಸದ್ದಾಯಿತು. ಮಡಿವಾಳೆಪ್ಪ— ಆಚೆ ಸೀಮೆಯ ಹೊಲದೊಡೆಯ, ಹಣೆಯ ತುಂಬ ವಿಭೂತಿ.

“ಏನ್ ಆಗಬಾರದ್ದು ಆಗೇತ್ರಿ ಫೌಜದಾರ್ರ? ಕಲ್ಲು ತನ್ನ ಜಾಗಕ್ಕ ಬಂದೇತಿ, ಅಷ್ಟ. ಈ ಮನಶ್ಯಾ ಬಂದ ವರ್ಷನ ಅದನ್ನ ಪಡುವಲಕ್ಕ ಸರಿಸ್ಯಾನ. ಯಾರೋ ಪುಣ್ಯಾತ್ಮರು ತಿರುಗಿ ತಂದು ಇಟ್ಟಾರ.”

“ನೀವು ಕಂಡೀರೇನು?”

“ಕಾಣಲಿಲ್ಲ. ಆದ್ರ ಅವ ಸರಿಸಿಲ್ಲ ಅಂತ ಕಂಡಾವ್ರು ಯಾರು?”

ಮಾತು ಕೆಟ್ಟದ್ದಾದರೂ ಗಟ್ಟಿಯಾಗಿತ್ತು. ಮುಂದಿನ ಗಡಿಕಲ್ಲು ಗುಡ್ಡದಾಚೆ, ಹಿಂದಿನದು ಹಳ್ಳದ ಕೆಳಗೆ. ಗೆರೆ ಗುಡಿಸಲಿನ ಹಿಂದೆ ಹಾಯುತ್ತದೋ ಮುಂದೆ ಹಾಯುತ್ತದೋ— ಕಣ್ಣಳತೆಯಲ್ಲಿ ಹೇಳುವಂತಿರಲಿಲ್ಲ. ಕಲ್ಲು ಸರಿಸಿದವನು ಸಿಗದಿದ್ದರೆ ಕೋಟೆಯವರು ಹೇಳುವುದು ಒಂದೇ: ಸಂಶಯವಿದೆ, ಮತ್ತೆ ಮೊದಲಿನಿಂದ ಎಣಿಸಿರಿ.

ಬಾಯವ್ವ ಅಂಗಳದಲ್ಲೇ ಕುಸಿದು ಕುಳಿತಳು. “ಸಾಹೇಬ್ರ, ನಮ್ಮವ್ವನ ಕಣ್ಣು ಮಂಜಾಗ್ಯಾವಂತ. ಬರೂ ವಾರ ಬರತೇನಿ ಅಂತ ಹೇಳಿ ಕಳಿಸೇನ್ರಿ. ಇನ್ನೈದ ವರ್ಷ ಆಕಿ ಇರತಾಳೇನು?”

ಬಸಲಿಂಗಪ್ಪ ಕೋಲು ಕೆಳಗಿಟ್ಟರು. ಕಲ್ಲಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತರು.

ಮೊಣಕಾಲೆತ್ತರದ ಕಲ್ಲು. ಮೂಡಣ ಮಗ್ಗುಲಲ್ಲಿ ಸೂರ್ಯ ಚಂದ್ರರ ಕೆತ್ತನೆ. ಚಂದ್ರನ ಗೆರೆಯಲ್ಲಿ ಎಷ್ಟೋ ಕಾಲದ ಅರಿಸಿನ ಮೆತ್ತಿ ಗಟ್ಟಿಯಾಗಿತ್ತು. ಪಡುವಣ ಮಗ್ಗುಲು ಬೋಳು, ಎಣ್ಣೆ ಕುಡಿದು ಕಪ್ಪಾಗಿತ್ತು. ಆ ಕಪ್ಪಿನ ಮೇಲೆ ಒಂದು ಚಿಟಿಕೆ ಭಂಡಾರ— ಹಾಲುಮತದ ಕುರುಬರು ದೇವರಿಗೆ ಏರಿಸುವ ಅರಿಸಿನ ಪುಡಿ. ಅದು ಬಾಯವ್ವನ ಬಾಗಿಲಿಗೆ ಎದುರಾಗಿತ್ತು. ಬೆಳಿಗ್ಗೆ ಎದ್ದು ಅವಳೇ ಹಚ್ಚಿರಬೇಕೆಂದು ಸಿಪಾಯಿ ಅದರತ್ತ ನೋಡಲೂ ಇಲ್ಲ. ಕಲ್ಲಿನ ಒರಟು ಅಂಚಿನಲ್ಲಿ ಒಂದಿಷ್ಟು ಕರಿಯ ಉಣ್ಣೆ ಸಿಕ್ಕಿಕೊಂಡಿತ್ತು.

“ಕಂಬಳಿ ಮ್ಯಾಲ ಮಲಗಿಸಿ ಎಳದಾರ,” ಎಂದರು ಬಸಲಿಂಗಪ್ಪ. “ಶಟ್ಟೆಪ್ಪಾ, ನೀ ಪ್ರಜಾ ಆದ್ರ ಹೊಟ್ಟಿಗೆ ಬೆಂಕಿ ಬೀಳೂದು ಯಾರಿಗಪ?”

ಶಟ್ಟೆಪ್ಪ ನೆಲ ನೋಡಿದ. “ಮಡಿವಾಳೆಪ್ಪ ಧಣ್ಯಾರಿಗೆ ಸಿಟ್ಟೈತ್ರಿ— ಆ ಕಡಿ ಆಳುಮಂದಿ ಒಬ್ಬೊಬ್ಬರ ಈ ಕಡಿ ಬರಾಕ ಹತ್ಯಾರ ಅಂತ. ಇನ್ನ ನಮ್ಮ ಹಟ್ಟ್ಯಾಗಿನ ಬಾಳು ಅನ್ನಾಂವ.”

“ಪರಸಪ್ಪ?”

“ಛೆ! ಅಣ್ಣ ನನ್ನ ಜಾಮೀನ್ರಿ. ನಮ್ಮನ್ನ ಉಳಿಸ್ಯಾಂವ ಅವ.”

ಪರಸಪ್ಪ ಸಂಸ್ಥಾನದಲ್ಲೇ ಹುಟ್ಟಿದವನು. ಗಡಿಯ ಈ ಹಟ್ಟಿಯಲ್ಲಿ ಹಳಬರ ಹಾಲುಮತದ ಮನೆ ಅವನದೊಂದೇ. ಪ್ರಜೆಯಲ್ಲದವನು ಕೋಟೆಯ ಪೇಟೆಯಲ್ಲಿ ತನ್ನ ಹೆಸರಿನಿಂದ ಮಾರುವಂತಿರಲಿಲ್ಲ. ಶಟ್ಟೆಪ್ಪ ನೇಯ್ದ ಕಂಬಳಿಗಳನ್ನು ಪರಸಪ್ಪ ತನ್ನ ಹೆಸರಿನಲ್ಲಿ ಮಾರಿ, ಬಂದದ್ದನ್ನು ಒಂದಿಷ್ಟೂ ಮುರಿದುಕೊಳ್ಳದೆ ತಂದು ಕೊಡುತ್ತಿದ್ದ.

“ಎಲ್ಲಾರನ್ನೂ ಕರಿ,” ಎಂದು ಫೌಜದಾರರು ಸಿಪಾಯಿಗೆ ಹೇಳಿದರು. “ನನ್ನ ಜೋಡಿ ಮಾತಾಡೂಕಿಂತ ಮೊದಲ ಒಬ್ಬೊಬ್ಬರೂ ಈ ಕಲ್ಲಿಗೆ ಕೈ ಮುಗಿಬೇಕು. ಸುಳ್ಳು ಹೇಳಾಂಗಿಲ್ಲ ಅಂತ ಆಣಿ.”

ಬಾಯವ್ವ ಎದ್ದು, ಕಲ್ಲನ್ನು ಸುತ್ತಿ ಆಚೆ ಹೋಗಿ, ಸೂರ್ಯ ಚಂದ್ರರಿಗೆ ಹಣೆ ಹಚ್ಚಿದಳು. ಶಟ್ಟೆಪ್ಪನೂ ಹಾಗೆಯೇ ಮಾಡಿದ. ಮಡಿವಾಳೆಪ್ಪ ಬಗ್ಗಲಿಲ್ಲ. “ನನ್ನ ಆಣಿ ನನ್ನ ಕೊರಳಾಗ ಐತ್ರಿ,” ಎಂದು ಎದೆಯ ಮೇಲಿನ ಲಿಂಗ ಮುಟ್ಟಿದ.

ಬಾಳು ಕಂಬಳಿಯ ಕೊಪ್ಪೆ ಹೊದ್ದು ಬಂದ. ಅವನೂ ಆಚೆಯಿಂದ ವಲಸೆ ಬಂದವನೇ. ಸೂರ್ಯ ಚಂದ್ರರ ಮುಂದೆ ಕೈ ಮುಗಿದು ಎದ್ದು ನಿಂತ.

“ನಿಂಗೂ ಈ ವರ್ಷನ ತುಂಬಬೇಕಿತ್ತಲ್ಲೋ ಬಾಳು?”

“ತುಂಬಬೇಕಿತ್ರಿ. ಹೋದ ವರ್ಷ ಎಲ್ಲಮ್ಮನ ಹುಣ್ಣಿವಿಗೆ ಹಳ್ಳದ ಕೆಳಗಿನ ದಾರಿ ಹಿಡಿದು ಗುಡ್ಡಕ್ಕ ಹೋದ್ನಿ. ಕಾಲು ನೋಯತಾವಂತ ಅಲ್ಲೇ ಮಲಗಿದ್ನಿ. ಒಂದು ರಾತ್ರಿ ನಿದ್ದಿ, ನಾಕು ವರ್ಷ ನೀರಾಗ ಹೋತು.”

“ಶಟ್ಟೆಪ್ಪನ ಮ್ಯಾಲ ಹೊಟ್ಟೆಕಿಚ್ಚು ಐತೇನು?”

“ಐತ್ರಿ! ಸುಳ್ಳ್ಯಾಕ ಹೇಳ್ಲಿ? ಅವನ ಗುಡಿಸಲ ಹೊಗಿ ಕಂಡ್ರೂ ಹೊಟ್ಟಿ ಉರಿತೈತಿ. ಅವನ ಮುಂದನ ಹೇಳೇನಿ. ಬೇಕಾರ ಕೇಳ್ರಿ.”

“ಹೇಳ್ಯಾನ್ರಿ,” ಎಂದ ಶಟ್ಟೆಪ್ಪ. “ದಿನಾ ಹೇಳತಾನ. ಹೇಳಿ, ನಮ್ಮನ್ಯಾಗ ಉಂಡು ಹೋಗತಾನ.”

ಕೊನೆಗೆ ಪರಸಪ್ಪ ಬಂದ. ಗಟ್ಟಿ ಆಳು, ನೆರೆತ ಮೀಸೆ. ಥಂಡಿ ಗಾಳಿಗೆ ಎಲ್ಲರ ಮೈಮೇಲೂ ಕಂಬಳಿ ಇತ್ತು. ಅವನು ಧೋತರದ ಸೆರಗನ್ನೇ ಹೆಗಲಿಗೆಳೆದುಕೊಂಡಿದ್ದ. ಅವನನ್ನು ಕಂಡದ್ದೇ ಬಾಯವ್ವ ಅತ್ತುಬಿಟ್ಟಳು. “ಅಣ್ಣಾ, ನಮ್ಮ ಐದು ವರ್ಷ ಹೋದ್ವೋ!”

“ಅಳಬ್ಯಾಡ ತಂಗೀ. ನಾ ಇಲ್ಲೇನು?” ಎಂದು ಅವಳ ತಲೆ ಸವರಿದ. ಬಾಗಿಲ ಕಡೆಯಿಂದ ಬಂದು ಚಪ್ಪಲಿ ಬಿಟ್ಟು, ನಡುವಿನ ಚೀಲದಿಂದ ಒಂದು ಚಿಟಿಕೆ ಭಂಡಾರ ತೆಗೆದು ಕಪ್ಪು ಕಲ್ಲಿಗೆ ಹಚ್ಚಿ, ಕಣ್ಣು ಮುಚ್ಚಿ ಬಾಗಿದ.

“ಹೇಳಪ ಪರಸಪ್ಪ. ಮುಂದೇನು?”

“ಏನ್ ಹೇಳ್ಲಿ ಸಾಹೇಬ್ರ? ಕೋಟಿಯವರು ಮತ್ತೈದು ವರ್ಷ ಅಂದ್ರ ಮತ್ತೈದು ವರ್ಷ. ನಾನೂ ಎಲ್ಲೂ ಹೋಗಾಂವಲ್ಲ, ಇವನೂ ಹೋಗಾಂವಲ್ಲ. ಮತ್ತ ಜಾಮೀನು ನಿಲ್ಲತೇನಿ. ನನ್ನ ಹೆಸರಲೇ ಕಂಬಳಿ ಮಾರಿಕೊಡತೇನಿ. ತಮ್ಮನ್ನ ಬಿಟ್ಟುಬಿಡಾಕ ಬರತೈತೇನ್ರಿ?”

ಬಸಲಿಂಗಪ್ಪ ಅವನನ್ನೇ ನೋಡಿದರು. ಊರಿಗೆಲ್ಲ ಸಾವಿನ ಮುಖ. ಈತನೊಬ್ಬನಿಗೆ ಯಾವ ತಳಮಳವೂ ಇಲ್ಲ.

“ಹೆಗಲ ಮ್ಯಾಲ ಕಂಬಳಿ ಇಲ್ಲಲ್ಲೋ?”

“ಅವಸರದಾಗ ಬಂದ್ನಿರಿ.”

ಬಸಲಿಂಗಪ್ಪ ಬಾಯವ್ವನ ಕಡೆ ತಿರುಗಿದರು. “ತಂಗೀ, ಈ ಕಲ್ಲಿನ ಮಾರಿ ಯಾವ ಕಡಿ ಐತಿ?”

ಕಲ್ಲಿನ ಮುಖ ಯಾವ ಕಡೆ ಎಂಬ ಪ್ರಶ್ನೆಯೇ ಅವಳಿಗೆ ವಿಚಿತ್ರವೆನಿಸಿತು. “ಇನ್ಯಾವ ಕಡಿ ಇರತೈತ್ರಿ? ಸೂರ್ಯ ಚಂದ್ರ ಇರೋ ಕಡಿ.”

“ಬಾಳು, ನೀ ಏನಂತೀ?”

“ಅದ ಮತ್ತ. ನಾವೆಲ್ಲಾ ಕೈ ಮುಗಿಯೂದು ಅದಕ್ಕ.”

ಪರಸಪ್ಪನ ಮುಖದಲ್ಲಿ ಒಂದು ನಗೆ ಸುಳಿಯಿತು, ತಡೆಯಲಾಗಲಿಲ್ಲ ಅವನಿಗೆ. “ಹೊರಗಿನಾವ್ರಿಗೆ ಏನ್ ಗೊತ್ತಾಗಬೇಕ್ರಿ? ಅದು ಬೆನ್ನು! ಇವ ಕಾವಲ ದೇವರು. ಕಾವಲದಾಂವ ಮನಿ ಕಡಿ ಮಾರಿ ಮಾಡಿ ಕೂಡತಾನೇನು? ಹೊರಗ ನೋಡತಾನ, ಪಡುವಲಕ್ಕ. ದಸರಾಕ್ಕ ನಾವು ಗಡಿ ದಾಟಿ ಬನ್ನಿ ಮುಡಿದು ತಿರುಗಿ ಬರುವಾಗ, ಹೊರಗ ನಿಂತು ಮಾರಿಗೆ ಭಂಡಾರ ಹಚ್ಚಿ, ಅಪ್ಪಣಿ ಕೇಳಿ ಒಳಗ ಬರತೇವಿ. ಪ್ರಜಾ ಅಲ್ಲದಾವ್ರು ಅವತ್ತು ಈ ಕಡಿ ಸುಳಿಯಾಂಗಿಲ್ಲ. ಭಂಡಾರ ಹಚ್ಚೂ ಮಾನ ನಮ್ಮ ಮನಿದು. ಮುತ್ತ್ಯಾನ ಕಾಲದಿಂದ.”

“ಹಂಗೋ,” ಎಂದರು ಬಸಲಿಂಗಪ್ಪ ಮೆಲ್ಲಗೆ. “ಹಂಗಾರ ಆ ಮಾರಿ ಮ್ಯಾಲ ಎರಡು ಸರತಿ ಭಂಡಾರ ಬಿದ್ದೈತಿ. ಒಂದು ಈಗ ನೀ ಹಚ್ಚಿದ್ದು. ಇನ್ನೊಂದು ನಾ ಬಂದಾಗನ ಇತ್ತು. ನಿನ್ನಿ ಸಂಜಿ ದೊಡ್ಡ ಮಳಿಗೆ ಹಳೀ ಭಂಡಾರ ತೊಳದು ಹೋಗತಿತ್ತು. ಅಂದ್ರ ರಾತ್ರಿ ಹಚ್ಚಿದ್ದು. ಯಾರು?”

“ಬಾಯವ್ವ ಹಚ್ಚಿರಬೇಕು. ಆಕಿ ಬಾಗಲಾ ಇಲ್ಲೇ—”

“ನಾ ಹಚ್ಚಿಲ್ಲ,” ಎಂದಳು ಬಾಯವ್ವ.

“ಹಚ್ಚಿದ್ರೂ ಅಲ್ಲಿ ಹಚ್ಚತಿರಲಿಲ್ಲ,” ಎಂದರು ಫೌಜದಾರರು. “ಚಂದ್ರನ ಗೆರಿ ನೋಡ್ರಿ, ಐದು ವರ್ಷದ ಆಕಿ ಅರಿಸಿಣ ಅಲ್ಲಿ ಐತಿ. ಶಟ್ಟೆಪ್ಪ, ಬಾಳು, ಬಾಯವ್ವ— ಮೂರು ಮಂದಿನೂ ನನ್ನ ಕಣ್ಣ ಮುಂದ ಕಲ್ಲ ಸುತ್ತಿ ಹೋಗಿ ಆ ಕಡಿನ ಬಗ್ಗಿದರು. ಈ ಕಡಿ ಮಾರಿ ಐತಿ ಅನ್ನೂದ ಅವರಿಗೆ ಗೊತ್ತಿಲ್ಲ. ಹೆಂಗ ಗೊತ್ತಾಗಬೇಕು? ಇಲ್ಲಿ ಗಡಿ ದಾಟಿದಾವ್ರಲ್ಲ. ಕಾಲ ಇಡಬ್ಯಾಡ್ರಿ ಅಂತ ಹೇಳಿದಾಂವ ಯಾರು?”

“ಅಣ್ಣನ,” ಎಂದ ಶಟ್ಟೆಪ್ಪ. ಹೇಳಿ, ಬಾಯಿ ಮುಚ್ಚಿಕೊಂಡ.

“ಮಡಿವಾಳೆಪ್ಪನೋರು ವಿಭೂತಿಯವರು, ಭಂಡಾರ ಮುಟ್ಟಾಂಗಿಲ್ಲ. ಅವರ ಆಳು ಸರಿಸಿದ್ರ ಕಬ್ಬಣದ ಹಾರಿ ಹಾಕಿ ಉರುಳಿಸಿಬಿಡತಿದ್ರು. ದೇವರಿಗೆ ಮಣ್ಣು ಹತ್ತಬಾರದು ಅಂತ ಮೈಮ್ಯಾಲಿನ ಕಂಬಳಿ ಹಾಸಿ ಎಳದಾಂವ ಭಕ್ತ. ಎಳದು, ನಿಲ್ಲಿಸಿ, ತಪ್ಪಾತು ಅಂತ ಮಾರಿಗೆ ಭಂಡಾರ ಹಚ್ಚಿ ಹೋಗ್ಯಾನ. ಆ ಮಾರಿ ಗೊತ್ತಿದ್ದಾಂವ ಇಲ್ಲಿ ಒಬ್ಬನ. ಸಿಪಾಯೀ, ಇವನ ಮನ್ಯಾಗಿನ ಕಂಬಳಿ ತೊಗೊಂಡು ಬಾ. ಕೆಸರಾಗಿ ಅಂಚು ಹರದಿದ್ದು.”

“ಬ್ಯಾಡ,” ಎಂದ ಪರಸಪ್ಪ. ಅಲ್ಲಿಯೇ ಕುಳಿತ. ಹೆಗಲ ಮೇಲಿನ ಸೆರಗು ಕೆಳಗಿಳಿಸಿ ಫೌಜದಾರರ ಕಡೆ ತಿರುಗಿದ.

“ಐದು ವರ್ಷ ನನ್ನ ಅಂಗಳಕ್ಕ ಬಂದು ‘ಅಣ್ಣಾ’ ಅಂತ ನಿಂತ ಇವ. ಉಪ್ಪಿಗೆ ಬಂದ, ಸುದ್ದಿಗೆ ಬಂದ. ಕೊಟ್ಟೆ. ಕೊಡೂದು ಚಲೋ ಅನಸ್ತಿತ್ತು. ಇವನ ಕಂಬಳಿ ನನ್ನಕಿಂತ ಚಲೋ ಬರಾಕ ಹತ್ತಿದವು. ಅದನ್ನೂ ತಡಕೊಂಡೆ. ಯಾಕಂದ್ರ ಪ್ಯಾಟ್ಯಾಗ ಮಂದಿ ‘ಪರಸಪ್ಪನ ಕಂಬಳಿ’ ಅಂತಿದ್ರು. ಇನ್ನ ಇವ ತನ್ನ ಹೆಸರ ಹೇಳತಾನ. ದಸರಾಕ್ಕ ನನ್ನ ಹೆಗಲಿಗೆ ಹೆಗಲ ಹಚ್ಚಿ ಗಡಿ ದಾಟತಾನ. ಆವಾಗ ನಾ ಯಾರು? ಅವ ಹಾಳಾಗಲಿ ಅಂತ ಅಲ್ರಿ. ಇದ್ದಂಗ ಇರಲಿ ಅಂತ.”

ಬಾಳು ಉಗುಳಿದ. “ಊರೆಲ್ಲಾ ನನಗ ಹೊಟ್ಟೆಕಿಚ್ಚಿನ ಬಾಳು ಅಂತೀರಿ. ನಂದು ಬಾಯಾಗರ ಇತ್ತು!”

ಬಾಯವ್ವ ಅಳುವುದನ್ನು ನಿಲ್ಲಿಸಿದ್ದಳು. “ಅಣ್ಣಾ, ಐದು ವರ್ಷ ನಾ ದಿನಾ ದೇವರ ಬೆನ್ನಿಗೆ ಅರಿಸಿಣ ಹಚ್ಚಿದೆ. ನೀ ನೋಡಕೋತ ಇದ್ದಿ. ಒಂದು ಮಾತು ಹೇಳಲಿಲ್ಲಲ್ಲೋ?”

ಪರಸಪ್ಪ ಎದ್ದು, ಬರಿಗಾಲಲ್ಲೇ ಕಲ್ಲಿನ ಬಳಿ ಹೋಗಿ ನಿಂತ.

ಮಡಿವಾಳೆಪ್ಪನನ್ನು ಆಚೆ ಸೀಮೆಯ ಸಾಕ್ಷಿಯಾಗಿ ನಿಲ್ಲಿಸಿ, ಬಸಲಿಂಗಪ್ಪ ಪರಸಪ್ಪನ ಕೈಯಿಂದಲೇ ಕಲ್ಲನ್ನು ಹಳೆಯ ಗುಂಡಿಗೆ ಮರಳಿ ನೆಡಿಸಿದರು. ಕಲ್ಲು ನಿಂತ ಮೇಲೆ ಶಟ್ಟೆಪ್ಪ ತಗ್ಗಿದ ದನಿಯಲ್ಲಿ ಕೇಳಿದ: “ಸಾಹೇಬ್ರ, ಕೋಟ್ಯಾಗ ಜಾಮೀನು ಕೇಳತಾರಲ್ರಿ. ಇನ್ನ ಯಾರು ನಿಲ್ಲತಾರ?”

“ನಡಿ,” ಎಂದರು ಬಸಲಿಂಗಪ್ಪ. “ನಾ ನಿಲ್ಲತೇನಿ.”

ಆ ದಿನ ಸಂಜೆಗೆ ಶಟ್ಟೆಪ್ಪ ಸಂಸ್ಥಾನದ ಪ್ರಜೆಯಾದ. ಗಡಿ ಪೂಜೆಯ ಮಾನವನ್ನು ಕೋಟೆಯವರು ಪರಸಪ್ಪನ ಮನೆಯಿಂದ ತೆಗೆದರು. ಮರುದಿನ ಬಾಯವ್ವ ರೊಟ್ಟಿ ಕಟ್ಟಿಕೊಂಡು ಗಡಿ ದಾಟಿದಳು. ಆಚೆ ನಿಂತು, ಮೊದಲ ಸಲ ಆ ಕಪ್ಪು ಮುಖಕ್ಕೆ ಕೈ ಮುಗಿದು ಬೈಲಹೊಂಗಲದ ದಾರಿ ಹಿಡಿದಳು. ಅವ್ವನಿಗೆ ಕಣ್ಣು ಕಾಣುತ್ತಿರಲಿಲ್ಲ. ದನಿ ಕೇಳಿ ಗುರುತು ಹಿಡಿದಳು.

ದಸರೆಗೆ ಶಟ್ಟೆಪ್ಪ ಊರವರ ಜೊತೆ ಗಡಿ ದಾಟಿ ಬಂದ. ಬನ್ನಿ ಕೊಡಲು ಪರಸಪ್ಪನ ಬಾಗಿಲಿಗೆ ಹೋದ; ಬಾಗಿಲು ತೆರೆಯಲಿಲ್ಲ. ಅವನಿಗೆ ಸಂಸ್ಥಾನ ಸಿಕ್ಕಿತು, ಪೇಟೆಯಲ್ಲಿ ತನ್ನ ಹೆಸರು ಸಿಕ್ಕಿತು, ಹೆಂಡತಿಗೆ ಅವ್ವ ಸಿಕ್ಕಳು. ಅಣ್ಣ ಎನ್ನಲು ಇದ್ದವನೊಬ್ಬ ಹೋದ.