ಮೇಸ್ತ್ರಿಯಿಲ್ಲದ ಮುಯ್ಯಾಳು

ಮುಳಬಾಗಿಲು ಠಾಣೆಯ ಹಿತ್ತಲಲ್ಲಿ ಹೆಡ್ ಕಾನ್‌ಸ್ಟೆಬಲ್ ವೆಂಕಟರಮಣಪ್ಪ ಅವರೆಕಾಳು ಹಿತುಕುತ್ತಿದ್ದರು. ನೆನೆದ ಕಾಳು, ಹೆಬ್ಬೆರಳಿನಿಂದ ಒತ್ತಿದರೆ ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ. ಎದುರಿಗೆ ಕೂತು ಕೈಜೋಡಿಸಿದ್ದ ಸಬ್ ಇನ್‌ಸ್ಪೆಕ್ಟರ್ ಆದಿಲಕ್ಷ್ಮಿಯ ಬೇಳೆ ಮಾತ್ರ ಪಾತ್ರೆ ಬಿಟ್ಟು ಗೋಡೆಗೆ ಹಾರುತ್ತಿತ್ತು.

"ಮೇಡಂ, ಅದು ಕಾಳು, ಆರೋಪಿ ಅಲ್ಲ. ಮೆತ್ತಗೆ ಒತ್ತಬೇಕು."

ಜನವರಿ ಹನ್ನೊಂದು, ಭಾನುವಾರ. ಆ ಹೊತ್ತಿಗೆ ದೂರು ಹೊತ್ತು ಬಂದವಳು ಧನಶ್ರೀ, ಪಂಪ್ ಮೋಟಾರಿಗೆ ತಂತಿ ಸುತ್ತುವ ಗಂಗಾಧರ್ ಅವರ ಮಗಳು. ಅಂಗಡಿಯ ಮಹಡಿಯಲ್ಲಿ ಅವಳ ಕೆಲಸದ ಕೋಣೆ. ರಾತ್ರಿ ಅದರ ಬೀಗ ಒಡೆದು ಮೈನಿಂಗ್ ಮೆಷಿನ್ ಒಯ್ದಿದ್ದರು. ಅದಕ್ಕೆ ಅಂಟಿಸಿದ್ದ ಅಂಗೈಯಗಲದ ಕಂಪ್ಯೂಟರೂ ಹೋಗಿತ್ತು.

"ಚಿನ್ನದ ಗಣಿ ಮುಚ್ಚಿ ಯಾವ ಕಾಲವಾಯ್ತು. ಇನ್ನೂ ಮೈನಿಂಗಾ?" ಎಂದರು ವೆಂಕಟರಮಣಪ್ಪ.

"ಬಿಟ್‌ಕಾಯಿನ್ ಅಣ್ಣಾ, ಮೆಷಿನ್ ಲೆಕ್ಕ ಮಾಡಿ ಗಳಿಸೋ ದುಡ್ಡು. ಒಂದೊಂದು ಮೆಷಿನ್ ಒಂಟಿಯಾಗಿ ಲೆಕ್ಕ ಮಾಡಿದ್ರೆ ಗಿಟ್ಟಲ್ಲ. ಬಹಳ ಜನ ಸೇರಿ ಮಾಡ್ತಾರೆ, ಬಂದಿದ್ದು ಹಂಚ್ಕೋತಾರೆ. ಅದಕ್ಕೆ ಪೂಲ್ ಅಂತಾರೆ. ಅದರ ತಂತ್ರಾಂಶ ನಾನು ಬರೀತಿರೋದು."

"ಪೂಲಿನ ಯಜಮಾನ ಯಾರು?" ಆದಿಲಕ್ಷ್ಮಿ ಕೈ ಒರೆಸಿಕೊಂಡು ಕೇಳಿದರು.

"ಯಾರೂ ಇಲ್ಲ ಮೇಡಂ. ಯಜಮಾನ ಇದ್ರೆ ಪಾಲು ಅವನ ಕೈಯಲ್ಲಿ ಸಿಕ್ಕೊಳ್ಳುತ್ತೆ. ಅದು ಆಗಬಾರದು ಅಂತಲೇ ಇದು."

"ಅಂದ್ರೆ ಮುಯ್ಯಾಳು," ಎಂದರು ವೆಂಕಟರಮಣಪ್ಪ. "ಇವತ್ತು ನಿನ್ನ ಹೊಲ, ನಾಳೆ ನನ್ನ ಹೊಲ. ಮೇಸ್ತ್ರಿ ಇಲ್ಲ."

ಧನಶ್ರೀಗೆ ಆ ಮಾತು ಹಿಡಿಸಿತು. ಎರಡು ವರ್ಷದಿಂದ ಹೇಳಲು ತಡಕಾಡಿದ್ದನ್ನು ಈ ಮನುಷ್ಯ ಬೇಳೆ ಹಿತುಕುತ್ತ ಹೇಳಿಬಿಟ್ಟಿದ್ದರು.

ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಸ್ಥಳ ಪಂಚನಾಮೆ. ಕೆಳಗಿನ ಅಂಗಡಿಯಲ್ಲಿ ತಾಮ್ರದ ತಂತಿಯ ಸುರುಳಿಗಳು ಹಾಗೇ ಇದ್ದವು.

"ತಾಮ್ರ ಬಿಟ್ಟು ಡಬ್ಬ ಹೊತ್ತವನು ಎಂಥ ಕಳ್ಳನಪ್ಪಾ," ಎಂದು ವೆಂಕಟರಮಣಪ್ಪ ಬೇಸರಪಟ್ಟುಕೊಂಡರು. "ಕಸುಬು ಗೊತ್ತಿಲ್ಲದವನು."

ಧನಶ್ರೀ ಲ್ಯಾಪ್‌ಟಾಪ್ ತೆರೆದವಳು ಹಾಗೇ ನಿಂತಳು. ಪರದೆಯ ಮೇಲೆ ಹಸಿರು ಗೆರೆಯೊಂದು ಏಳುತ್ತಿತ್ತು. ಕದ್ದ ಮೆಷಿನ್ ಎಲ್ಲೋ ಕೂತು ಪೂಲಿಗೆ ಕೆಲಸ ಮಾಡುತ್ತಿತ್ತು!

"ಎಲ್ಲಿಂದ?" ಆದಿಲಕ್ಷ್ಮಿ ಕೇಳಿದರು.

"ಗೊತ್ತಾಗಲ್ಲ ಮೇಡಂ. ಯಾರು ಎಲ್ಲಿಂದ ಸೇರಿದ್ದಾರೆ ಅಂತ ಯಾರಿಗೂ ತಿಳೀಬಾರದು, ಹಾಗೇ ಮಾಡಿದ್ದೀವಿ."

"ಕಳ್ಳನಿಗೆ ಒಳ್ಳೆ ಬಂದೋಬಸ್ತ್ ಮಾಡಿಟ್ಟಿದ್ದೀಯ. ದುಡಿಮೆ ಅವನಿಗಾ?"

"ಇಲ್ಲ, ನನ್ನ ಖಾತೆಗೇ ಬರ್ತಿದೆ. ಅವನು ಏನೂ ಬದಲಾಯಿಸಿಲ್ಲ."

"ಹಾಗಾದ್ರೆ ಅವನಿಗೇನು ಲಾಭ?"

ಧನಶ್ರೀಯ ಚಿಂತೆ ಬೇರೆಯೇ ಇತ್ತು. ಇಂಥ ಕೆಲಸಕ್ಕೆ ನೆರವು ಕೊಡುವ ಹೊರದೇಶದ ಸಂಸ್ಥೆಯೊಂದು ಇಲ್ಲಿವರೆಗೆ ಅವಳನ್ನು ನಡೆಸಿತ್ತು. ಮುಂದಿನ ವರ್ಷವೂ ನಡೆಸಬೇಕಾದರೆ ಒಂದು ಮಾತು ಬರೆದುಕೊಡಬೇಕು: ಕರೆಂಟ್ ಕೈಕೊಡುವ ಊರಲ್ಲೂ ಮಾಡಿದ ಕೆಲಸದ ಪಾಲು ಕಳೆದುಹೋಗುವುದಿಲ್ಲ ಎಂದು. ಬರೆಯಲು ಅವಳಿಗೆ ಧೈರ್ಯ ಸಾಲದೆ ಆರು ತಿಂಗಳಾಗಿತ್ತು. ಮೆಷಿನ್ನನ್ನು ಒಮ್ಮೆಯೂ ಆರದಂತೆ ಬ್ಯಾಟರಿಯ ಆಸರೆಯಲ್ಲಿ, ಮಗುವಿನ ಹಾಗೆ ಇಟ್ಟುಕೊಂಡಿದ್ದಳು. ಹಳ್ಳಿಗೆ ಒಯ್ದು ಪರೀಕ್ಷಿಸುವ ಮೊದಲೇ ಅದು ಕಳುವಾಯಿತು. ಬೇರೆ ಮೆಷಿನ್ ಇಲ್ಲ. ತಿಂಗಳ ಕೊನೆಗೆ ಗಡುವು.

ಬುಧವಾರ ಅವಳು ಠಾಣೆಗೆ ಬಂದು ಪರದೆ ತೋರಿಸಿದಾಗ ಆದಿಲಕ್ಷ್ಮಿ ಗೆರೆಯ ಮೇಲೆ ಬೆರಳಿಟ್ಟರು.

"ಇಲ್ಲಿ ಯಾಕೆ ಬೀಳ್ತದೆ?"

"ಕರೆಂಟ್ ಹೋಗಿರಬೇಕು."

"ಹೋಗೋದು ಎಲ್ಲಾ ಊರಲ್ಲೂ ಒಂದೇ ಹೊತ್ತಿಗಲ್ಲವಲ್ಲ."

ಗೆರೆ ಬಿದ್ದ ಹೊತ್ತುಗಳನ್ನು ಬರೆದುಕೊಂಡು ಅವರು ವಿದ್ಯುತ್ ಕಚೇರಿಗೆ ಹೋದರು. ಲೈನ್‌ಮನ್ ವೇಣು ಚೀಟಿ ನೋಡಿ ನಕ್ಕ.

"ಇದು ತಾಯಲೂರು ಕಡೆಗೆ ಹೋಗೋ ಫೀಡರ್ ಲೈನ್ ಮೇಡಂ. ಮಂಗಳವಾರ ಹುಣಸೆಕೊಂಬೆ ತಂತಿ ಮೇಲೆ ಬಿತ್ತು, ಲೈನ್ ತೆಗೆದಿದ್ದು ನಾನೇ. ಅದಕ್ಕೂ ಕೇಸ್ ಹಾಕ್ತೀರಾ?"

"ಕೊಂಬೆ ಮೇಲೆ ಹಾಕ್ತೀನಿ, ಬಿಡು."

ಇನ್ನು ಉಳಿದದ್ದು ತಾಯಲೂರು ಕಡೆಯವರಲ್ಲಿ ಧನಶ್ರೀಯ ಕೋಣೆ ಕಂಡವರು ಯಾರು ಎಂಬುದು. ಗಂಗಾಧರ್ ಯೋಚಿಸಿ ಹೇಳಿದರು: "ಮುನೇಶ್ ಅಂತ, ರೇಷ್ಮೆಹುಳ ಸಾಕ್ತಾನೆ. ಮೋಟಾರ್ ರಿಪೇರಿಗೆ ತಂದಿದ್ದ. ಚಳಿ ಅಂತ ಮಗಳ ಕೋಣೇಲಿ ಕೂತಿದ್ದ. ಎಬ್ಬಿಸಿದ್ರೂ ಏಳಲಿಲ್ಲ."

ಗುರುವಾರ ಬೆಳಿಗ್ಗೆ ಜೀಪು ತಾಯಲೂರು ದಾಟಿ ಹಿಪ್ಪುನೇರಳೆ ತೋಟದ ಬಳಿ ನಿಂತಿತು. ಹುಡುಕುವ ಕೆಲಸವೇ ಬೀಳಲಿಲ್ಲ. ಹುಳುಮನೆಯೊಳಗಿಂದ ಹಿಟ್ಟಿನ ಗಿರಣಿಯ ಹಾಗೆ ಸದ್ದು ಬರುತ್ತಿತ್ತು. ಒಳಗೆ ಹೋದರೆ ಹಿತವಾದ ಬಿಸಿ. ತಟ್ಟೆ ತಟ್ಟೆಯಲ್ಲಿ ದಪ್ಪ ಹುಳುಗಳು ಸೊಪ್ಪು ಮೇಯುತ್ತಿದ್ದವು. ಮೂಲೆಯಲ್ಲಿ ಮೆಷಿನ್, ಅದಕ್ಕೊಂದು ಕುಂಕುಮದ ಬೊಟ್ಟು.

ಮುನೇಶ್ ಓಡಲಿಲ್ಲ. ಸೊಪ್ಪಿನ ಬುಟ್ಟಿ ಕೆಳಗಿಟ್ಟ.

"ನೀನೇ ತಂದಿದ್ದಾ?"

"ನಾನೇ ಮೇಡಂ."

"ಯಾಕೆ?"

"ಬಿಸಿಗೆ."

"ಬಿಸಿಗೆ ಹೀಟರ್ ಸಿಗಲ್ವೇನ್ಲಾ?" ಎಂದರು ವೆಂಕಟರಮಣಪ್ಪ.

"ಅದು ಒಂದು ಮೂಲೆ ಕಾಯಿಸ್ತದೆ ಸಾರ್. ಕೆಂಡ ಇಟ್ರೆ ಹೊಗೆ. ಇದು ಬಿಸಿಗಾಳಿ ಮನೆ ತುಂಬಾ ತಳ್ತದೆ. ನೀಲಿ ವೈರ್ ಇಂಟರ್‌ನೆಟ್ ಡಬ್ಬಕ್ಕೆ ಹಾಕಿದ್ರೇನೇ ಕಾಯೋದು ಅಂತ ಅಕ್ಕೋರ ಕೋಣೇಲಿ ನೋಡಿದ್ದೆ, ನಮ್ಮನೆ ಡಬ್ಬಕ್ಕೂ ಹಾಗೇ ಹಾಕ್ದೆ."

"ಇದು ಕಾಯಿನ್ ಮಾಡೋ ಮೆಷಿನ್ ಕಣೋ," ಎಂದಳು ಜೊತೆಗೆ ಬಂದಿದ್ದ ಧನಶ್ರೀ.

"ಅದೂ ಮಾಡ್ತದಾ?" ಎಂದ ಮುನೇಶ್.

ಸಾಕ್ಷಿಗೆಂದು ಕರೆತಂದಿದ್ದ ಪಂಚರು ನಕ್ಕುಬಿಟ್ಟರು. ಅವನ ಹೆಂಡತಿ ಸುನಂದ ಮಾತ್ರ ನಗಲಿಲ್ಲ. ಬಾಡಿಗೆಗೆ ತಂದಿದ್ದು ಎಂದು ನಂಬಿದ್ದವಳು. "ಕರೆಂಟ್ ಬಂದಾಗೆಲ್ಲ ಎದ್ದುಹೋಗಿ ಸ್ವಿಚ್ ಹಾಕ್ತಿದ್ದೋಳು ನಾನೇ ಮೇಡಂ. ಇನ್ನೆರಡು ದಿನಕ್ಕೆ ಗೂಡು ಕಟ್ತವೆ. ಈಗ ಆರಿಸಿದ್ರೆ ಇದೂ ಹೋಯ್ತು."

"ಇದೂ ಅಂದ್ರೆ?"

ಅವಳು ತಟ್ಟೆಯ ಸೊಪ್ಪು ಸರಿಮಾಡತೊಡಗಿದಳು. ಮುನೇಶನೇ ಹೇಳಿದ. ಮದುವೆಯಾದ ಮೇಲೆ ಎರಡು ಬೆಳೆ ಚಳಿಗೆ ಹೋದವು. ಸುನಂದಳ ಕೈಗುಣ ಸರಿಯಿಲ್ಲ, ಅವಳು ಸೊಪ್ಪು ಹಾಕಿದರೆ ಹುಳು ನಿಲ್ಲಲ್ಲ ಎಂದು ಊರಲ್ಲಿ ಮಾತಾಯಿತು. ಬೇರೆಯವರ ಹುಳುಮನೆಗೂ ಅವಳನ್ನು ಕರೆಯುವುದು ಬಿಟ್ಟರು. "ಕೈ ಅಲ್ಲ, ಚಳಿ ಅಂತ ತೋರಿಸಬೇಕಿತ್ತು ಮೇಡಂ."

ಆದಿಲಕ್ಷ್ಮಿ ಜಪ್ತಿ ಪಂಚನಾಮೆ ಬರೆಯುವುದನ್ನು ನಿಲ್ಲಿಸಲಿಲ್ಲ, ಅವಸರವನ್ನೂ ಮಾಡಲಿಲ್ಲ. ಅಷ್ಟರಲ್ಲಿ ಧನಶ್ರೀ ಅಪ್ಪನಿಗೆ ಫೋನ್ ಮಾಡಿದ್ದಳು. ಮೋಟಾರಿನ ವಾರ್ನಿಷ್ ಒಣಗಿಸುವ ದೊಡ್ಡ ಬಲ್ಬುಗಳೂ ಒಂದು ಫ್ಯಾನೂ ಆಟೋದಲ್ಲಿ ಬಂದವು. ಅವು ಉರಿದ ಮೇಲೆಯೇ ಮೆಷಿನ್ ಆರಿತು. ಮುನೇಶನನ್ನು ಬಂಧಿಸಿ ಕರೆದೊಯ್ದರು. ಮರುದಿನ ನ್ಯಾಯಾಲಯ ಜಾಮೀನು ಕೊಟ್ಟಿತು. ಅವನು ಮನೆ ಸೇರುವ ಹೊತ್ತಿಗೆ ಹುಳುಗಳು ನೂಲು ಬಿಡಲು ಶುರುಮಾಡಿದ್ದವು, ಸುನಂದಳಿಗೆ ಪಕ್ಕದ ಹುಳುಮನೆಯಿಂದ ಕೆಲಸಕ್ಕೆ ಕರೆ ಬಂದಿತ್ತು.

ಶನಿವಾರ ಹೇಳಿಕೆಗೆ ಸಹಿ ಹಾಕಲು ಬಂದ ಧನಶ್ರೀ ಠಾಣೆಯ ಬೆಂಚಿನಲ್ಲೇ ಲ್ಯಾಪ್‌ಟಾಪ್ ಬಿಚ್ಚಿದಳು.

"ಮೇಡಂ, ಎಷ್ಟು ಸಲ ಕರೆಂಟ್ ಹೋದ್ರೂ ಮೆಷಿನ್ ತಾನೇ ಮತ್ತೆ ಪೂಲಿಗೆ ಸೇರಿದೆ. ಒಂದು ಪಾಲೂ ತಪ್ಪಿಲ್ಲ. ಸಂಸ್ಥೆಯ ಪತ್ರದಲ್ಲಿ ಕಳುವಿನ ವಿಷಯವನ್ನೂ ಮುಚ್ಚಿಡದೆ ಬರೆದಿದ್ದೀನಿ. ಪರೀಕ್ಷೆ ನಡೆಸಿದವರು ಯಾರು ಅಂತ ಕೇಳಿದ್ದಾರೆ, ಏನು ಹಾಕ್ಲಿ?"

"ಆರೋಪಿ ನಂಬರ್ ಒಂದು ಅಂತ ಹಾಕು ತಾಯಿ," ಎಂದರು ವೆಂಕಟರಮಣಪ್ಪ.

"ಸ್ವಿಚ್ ಹಾಕಿದ್ದು ಯಾರು?" ಎಂದರು ಆದಿಲಕ್ಷ್ಮಿ, ಕಡತದಿಂದ ತಲೆ ಎತ್ತದೆ.

ಧನಶ್ರೀ ಹೊರಗೆ ಹೋಗಿ ಸುನಂದಳಿಗೆ ಫೋನ್ ಮಾಡಿ, ಹೆಸರು ಹಾಕಬಹುದೇ ಎಂದು ಕೇಳಿಕೊಂಡು ಬಂದಳು. 'ಸುನಂದ, ರೇಷ್ಮೆ ಬೆಳೆಗಾರರು, ತಾಯಲೂರು ಹೋಬಳಿ' ಎಂದು ಬರೆದು, ಇನ್ನೊಮ್ಮೆ ಓದಿ, ಆರು ತಿಂಗಳಿಂದ ಕಾದಿದ್ದ ಆ ಪತ್ರವನ್ನು ಕಳಿಸಿದಳು.