ನೂರು ಡಿಗ್ರಿಯ ಬಿಟ್

ಸೋಮವಾರ ಬೆಳಿಗ್ಗೆ ಗಿದಿಯೋನ್ ಸ್ಕ್ರೂ ತಲೆ ಕೂರಲು ಕುಳಿ ಕೊರೆಯುವ ಕೌಂಟರ್‌ಸಿಂಕ್ ಬಿಟ್ ಕೇಳಿಕೊಂಡು ಬಂದಾಗ ಲೋರ್ನಾ ಡ್ರಾಯರಿನ ಮುಂದೆಯೇ ನಿಂತಿದ್ದಳು. ಅವನು ಬರಲಿ ಎಂದೇ ನಿಂತಿದ್ದಳೋ ಏನೋ, ಅದನ್ನು ಅವಳು ತನಗೆ ತಾನೇ ಒಪ್ಪಿಕೊಂಡಿರಲಿಲ್ಲ.

"ಇಷ್ಟು ಚಳೀಲಿ ನೀವು ಬೆಟ್ಟದ ಜನ ಹೇಗೆ ನಗ್ತೀರಿ ಬಾಸ್?" ಎಂದ.

"ನಗೋದೆಲ್ಲಿ ಬಂತು. ಹಲ್ಲು ಕಟಕಟ ಅಂತಿರತ್ತೆ, ನಿಮ್ಮ ಕಡಲ ಕಡೆಯವರಿಗೆ ಅದು ನಗು ಥರ ಕಾಣತ್ತೆ."

ಅವನು ನಕ್ಕ. ಅಡಿಕೆ ಅಗಿದು ಅಗಿದು ಅವನ ತುಟಿಯಂಚಿನಲ್ಲಿ ಸದಾ ಒಂದು ಕೆಂಪು ಉಳಿದಿರುತ್ತಿತ್ತು. ಲೋರ್ನಾ ಡ್ರಾಯರಿನೊಳಗೆ ಕೈಯಾಡಿಸಿ ಬಿಟ್ ತೆಗೆದು ಅವನ ಅಂಗೈಗಿಟ್ಟಳು. ಬೆರಳು ತಗುಲಿತು. ಇಬ್ಬರಿಗೂ ಕೈ ಹಿಂದಕ್ಕೆಳೆಯುವ ಅವಸರವಿರಲಿಲ್ಲ.

ಬೆಟ್ಟದೂರು ಗೊರೊಕಾದ ಆ ಸಣ್ಣ ಹ್ಯಾಂಗರಿನಲ್ಲಿ ವಿಮಾನಗಳ ರಿಪೇರಿಯನ್ನು ಪರೀಕ್ಷಿಸಿ ಸಹಿ ಹಾಕುವವಳು ಲೋರ್ನಾ. ಹನ್ನೊಂದು ವರ್ಷದ ಅನುಭವ. ಗಿದಿಯೋನ್ ಮಡಾಂಗ್ ಕಡಲತೀರದಲ್ಲಿ ಮರದ ದೋಣಿ ಕಟ್ಟುತ್ತಿದ್ದವನು, ಮೂರು ತಿಂಗಳ ಪರೀಕ್ಷಾವಧಿಯ ಮೇಲೆ ಇಲ್ಲಿಗೆ ಬಂದಿದ್ದ. ಶುಕ್ರವಾರಕ್ಕೆ ಅದು ಮುಗಿಯುತ್ತಿತ್ತು. ಅವನು ಉಳಿಯಬೇಕೋ ಊರಿಗೆ ಮರಳಬೇಕೋ ಎನ್ನುವುದು ಅವಳ ವರದಿಯನ್ನು ನೋಡಿ ತೀರ್ಮಾನವಾಗಬೇಕಿತ್ತು.

ಅದಕ್ಕೇ ಆ ವಾರ ಅವಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಹೊರಗೆ ಹೋಗಿ ರನ್‌ವೇ ಮೇಲಿನ ಮೋಡ ನೋಡುವಳು, ಒಳಗೆ ಬರುವಳು, ಬೇಯಿಸಿದ ಗೆಣಸನ್ನು ಮುರಿದು ಹಾಗೇ ತಟ್ಟೆಯಲ್ಲಿ ಬಿಡುವಳು. ಚೆನ್ನಾಗಿ ಬರೆದರೆ ಜನ ಏನೆಂದಾರು? ಚೆನ್ನಾಗಿ ಬರೆಯದಿದ್ದರೆ ತನಗೆ ಏನಾದೀತು?

ಬುಧವಾರ ಅವನ ಕೆಲಸ ನೋಡಿದಳು. ರೆಕ್ಕೆಯ ತುದಿಯ ಹೊಸ ತಗಡಿಗೆ ನಲವತ್ತೆರಡು ಚಪ್ಪಟೆ ತಲೆಯ ಸ್ಕ್ರೂ. ಅಂಗೈ ಸವರಿದರೆ ಒಂದೂ ತಡೆಯುತ್ತಿರಲಿಲ್ಲ. ಇಂಥ ಕೈ ಹ್ಯಾಂಗರಿನಲ್ಲಿ ಇನ್ನೊಬ್ಬರಿಗಿಲ್ಲ ಎಂದುಕೊಂಡಳು. ಆದರೂ ರೂಢಿಯಂತೆ ಒಂದು ಸ್ಕ್ರೂ ಬಿಚ್ಚಿ, ತಲೆಯ ಕೆಳಗೆ ನೀಲಿ ಶಾಯಿ ಬಳಿದು, ಬಿಗಿದು, ಮತ್ತೆ ಬಿಚ್ಚಿದಳು.

ಶಾಯಿ ಕುಳಿಯ ಬಾಯಂಚಿಗೆ ಮಾತ್ರ ಅಂಟಿತ್ತು. ಒಳಗೆಲ್ಲ ಬರೀ ತಗಡು. ವಿಮಾನದ ಸ್ಕ್ರೂ ತಲೆಗೆ ನೂರು ಡಿಗ್ರಿಯ ಇಳಿಜಾರು ಬೇಕು. ಇದು ಮರಗೆಲಸದ ತೊಂಬತ್ತರ ಬಿಟ್‌ನಲ್ಲಿ ಕೊರೆದ ಕುಳಿ. ಮೇಲಿಂದ ಕನ್ನಡಿಯಷ್ಟು ಸಮ, ಆದರೆ ತಲೆ ಕೂತಿರುವುದು ಅಂಚಿನ ಮೇಲಷ್ಟೇ. ಗಾಳಿಯಲ್ಲಿ ಅದುರಿ ಅದುರಿ ಒಂದು ದಿನ ತಗಡು ಅಲ್ಲೇ ಸೀಳುತ್ತದೆ.

ಇಡೀ ತಗಡನ್ನು ಬಿಸಾಡಬೇಕು, ವಿಮಾನ ಈ ವಾರ ಏಳುವುದಿಲ್ಲ ಎಂದು ಅವನಿಗೆ ಹೇಳಿದಳು. ಶಾಯಿಯ ಗುರುತು ತೋರಿಸಿದಳು. ಅವನು ಬಗ್ಗಿ ಬಹಳ ಹೊತ್ತು ನೋಡಿದ.

"ಸರಿ ಬಾಸ್," ಎಂದನಷ್ಟೇ. ಆಮೇಲೆ ಅವಳತ್ತ ಮುಖವೆತ್ತಲೇ ಇಲ್ಲ.

ಲೋರ್ನಾ ಡ್ರಾಯರಿನ ಹತ್ತಿರ ಹೋದಳು. ನೂರು ಎಂದು ಬರೆದ ಗೂಡು ಖಾಲಿ. ನೂರರ ಬಿಟ್ ಪಕ್ಕದ ತೊಂಬತ್ತರ ಗೂಡಿನಲ್ಲಿ ತಣ್ಣಗೆ ಮಲಗಿತ್ತು. ಹೋದ ವಾರ ಉಗ್ರಾಣದ ಮರದ ಕಪಾಟಿಗೆ ಸ್ಕ್ರೂ ಹಾಕಿ ಬಿಟ್‌ಗಳನ್ನು ಅದಲುಬದಲಾಗಿ ಮರಳಿ ಇಟ್ಟವಳು ತಾನೇ. ಸೋಮವಾರ ಬಿಟ್ ಮೇಲಿನ ಅಂಕಿ ನೋಡದೆ ಎತ್ತಿ ಕೊಟ್ಟವಳೂ ತಾನೇ.

ಅವತ್ತೇ ತನ್ನ ತಪ್ಪಿನ ವರದಿ ಬರೆದು ಮ್ಯಾನೇಜರ್ ಟೈಟಸ್ ಅವರ ಮೇಜಿನ ಮೇಲಿಟ್ಟಳು. ಗುರುವಾರ ಟೈಟಸ್ ಇಬ್ಬರನ್ನೂ ಕರೆದರು. ಅವರ ಮುಂದೆ ಎರಡು ಕಾಗದವಿತ್ತು. ಗಿದಿಯೋನನದರಲ್ಲಿ, ಡ್ರಾಯರು ತೆರೆದು ತಪ್ಪು ಬಿಟ್ ತೆಗೆದುಕೊಂಡವನು ನಾನೇ ಎಂದಿತ್ತು.

"ಒಂದು ತಪ್ಪಿಗೆ ಇಬ್ಬರು ಕಳ್ಳರು," ಎಂದು ಟೈಟಸ್ ಎರಡನ್ನೂ ಲೋರ್ನಾಳ ಕೈಗೆ ಕೊಟ್ಟರು. "ಹೊರಗೆ ಹೋಗಿ ಮಾತಾಡ್ಕೊಂಡು ಬನ್ನಿ. ನನಗೆ ನಿಜ ಬೇಕು."

ರೆಕ್ಕೆಯ ನೆರಳಿಗೆ ಬರುತ್ತಲೇ ಲೋರ್ನಾ ಸಿಡಿದಳು. "ಯಾಕೆ ಸುಳ್ಳು ಬರೆದೆ?"

"ನಿಮ್ಮ ಹನ್ನೊಂದು ವರ್ಷ ಹಾಳಾಗೋದು ಬೇಡ ಅಂತ. ನನ್ನದು ಬರೀ ಮೂರು ತಿಂಗಳು, ಹೋದರೆ ಹೋಯ್ತು."

"ಇಲ್ಲಿ ಒಂದು ಸುಳ್ಳು ಕಾಗದ ಅಂದ್ರೆ ಏನು ಗೊತ್ತಾ? ಯಾವತ್ತೋ ಒಂದು ದಿನ ಆ ಬೆಟ್ಟಕ್ಕೆ ಹೋಗಿ ಬಡಿಯೋ ವಿಮಾನ. ನನ್ನನ್ನ ಉಳಿಸೋಕೂ ಬರೀಬೇಡ. ಯಾರನ್ನ ಉಳಿಸೋಕೂ ಬರೀಬೇಡ."

ಅವಳಿಗೆ ಆ ಸುಳ್ಳಿಗಿಂತ ಹೋದರೆ ಹೋಯ್ತು ಎಂದ ಮಾತೇ ಹೆಚ್ಚು ಚುಚ್ಚಿತ್ತು.

ಗಿದಿಯೋನ್ ತಲೆತಗ್ಗಿಸಿದ. ಆಮೇಲೆ ಅವಳ ಕೈಯಲ್ಲಿದ್ದ ಅವಳದೇ ವರದಿಯನ್ನು ಮೆಲ್ಲಗೆ ಬಿಡಿಸಿಕೊಂಡು ಓದಿದ. ಕಾರಣ ಎಂಬಲ್ಲಿ ಅವಳು ಬರೆದದ್ದು ಒಂದೇ ಸಾಲು: ಕೊಡುವಾಗ ನನ್ನ ಗಮನ ಬೇರೆ ಕಡೆ ಇತ್ತು.

"ಬೇರೆ ಕಡೆ ಅಂದ್ರೆ, ಎಲ್ಲಿ?" ಎಂದ.

ಲೋರ್ನಾ ರನ್‌ವೇಯತ್ತ ನೋಡಿದಳು. ಮೋಡ ನೋಡಿದಳು. ನೋಡಲು ಇನ್ನೇನೂ ಉಳಿಯಲಿಲ್ಲ.

"ನಿನ್ನ ಮೇಲೆ," ಎಂದಳು.

ಅವನು ಅವಳ ಜೇಬಿನ ಪೆನ್ನು ತೆಗೆದುಕೊಂಡ. ಹೊಸ ಹಾಳೆಯನ್ನು ರೆಕ್ಕೆಗೇ ಆನಿಸಿ ಬರೆದ. ಪರೀಕ್ಷಕಿ ಬಿಟ್ ಕೊಟ್ಟರು, ನಾನೂ ಅಂಕಿ ನೋಡದೆ ತೆಗೆದುಕೊಂಡೆ. ಕಾರಣ: ಅವರದ್ದೇ ನನ್ನದೂ.

"ಇದನ್ನ ಟೈಟಸ್ ಓದ್ತಾರೆ," ಎಂದಳು ಲೋರ್ನಾ. "ಸಂಜೆಯೊಳಗೆ ಇಡೀ ಗೊರೊಕಾ ಓದತ್ತೆ."

"ಓದ್ಲಿ. ನೀನು ಓದಿದೆಯಲ್ಲ."

ನೀನು ಎಂದದ್ದು ಅವಳಿಗೆ ಕೇಳಿಸಿತು. ತಿದ್ದಲಿಲ್ಲ.

ಟೈಟಸ್ ಎರಡು ಹಾಳೆಗಳನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿದರು. ಕನ್ನಡಕ ತೆಗೆದು ಒರೆಸಿ, ಮತ್ತೊಮ್ಮೆ ಓದಿದರು. ಲೋರ್ನಾಳ ಹೆಸರಿಗೆ ಒಂದು ಎಚ್ಚರಿಕೆ ಬರೆದುಕೊಂಡರು. ಗಿದಿಯೋನನ ಕಡೆ ತಿರುಗಲೇ ಇಲ್ಲ.

"ಇನ್ಮೇಲೆ ಇವನ ಕೆಲಸ ನೀನು ಪರೀಕ್ಷೆ ಮಾಡೋ ಹಾಗಿಲ್ಲ, ಲೋರ್ನಾ," ಎಂದರು. "ಬೇರೆಯವರು ಮಾಡ್ತಾರೆ."

ಬೈಗುಳವೆಂದೇ ತಿಳಿದು ಅವಳು ತಲೆಯಾಡಿಸಿ ಹೊರಬಂದಳು. ಹತ್ತು ಹೆಜ್ಜೆ ನಡೆದ ಮೇಲೆ ಆ 'ಇನ್ಮೇಲೆ' ಅವಳಿಗೆ ಅರ್ಥವಾಯಿತು: ಶುಕ್ರವಾರ ಕಳೆದ ಮೇಲೂ ಅವನು ಇಲ್ಲೇ.